ಹದಿನೈದು ಸೆಕೆಂಡಿನ ಹಾಡನ್ನು ಹುಡುಕಿ ಹಿಡಿಯುವ ಬಗೆ

ಪುಣೆ ಬಳಿಯ ಚಾಕಣದ ನಮ್ಮ ಕಾರ್ಖಾನೆಯ ಊಟದ ಮನೆಯ ಎದುರಿಗೆ ಒಂದು ಮಳೆ ಮರವಿದೆ. ಕೊಂಬೆಗಳು ಕೊಡೆಯಂತೆ ಹರಡಿಕೊಂಡಿವೆ. ಕಂಪನಿಯ ಎರಡು ಬಸ್ಸುಗಳು ಅದರ ನೆರಳಿನಲ್ಲೇ ನಿಲ್ಲುತ್ತವೆ. ಕೆಲವು ವರ್ಷಗಳ ಹಿಂದೆ ಜಪಾನಿನಿಂದ ಆರು ವಾರಗಳ ಕೆಲಸಕ್ಕೆಂದು ಬಂದಿದ್ದ ಹಿರಿಯ ಎಂಜಿನಿಯರ್ ಒಬ್ಬರು ಮೊದಲ ದಿನ ಊಟ ಮುಗಿಸಿ ಹೊರಗೆ ಬಂದವರೇ ಆ ಮರವನ್ನು ಕಂಡು ನಿಂತುಬಿಟ್ಟರು. ಬೆಳಗಿನಿಂದ ಅಳತೆ, ಅಂತರ, ಬೋಲ್ಟು ಬಿಟ್ಟರೆ ಬೇರೆ ಮಾತೇ ಆಡದಿದ್ದ ಮನುಷ್ಯ ತಲೆಯೆತ್ತಿ ಮೆಲ್ಲಗೆ ಹಾಡಿದರು: ‘ಕೊನೊ ಕಿ ನಾನ್ ನೊ ಕಿ’.

ನಾನು ಅವರ ದುಭಾಷಿ. ಪದಗಳೆಲ್ಲ ತಿಳಿದವು. ಕೊನೊ ಎಂದರೆ ಈ, ಕಿ ಎಂದರೆ ಮರ, ನಾನ್ ನೊ ಎಂದರೆ ಯಾವ. ‘ಈ ಮರ ಯಾವ ಮರ?’ ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲವೇ? ತೋಟದ ಮಾಲಿಯನ್ನು ಕರೆದು ಮರಾಠಿಯಲ್ಲಿ ವಿಚಾರಿಸಿದೆ. ಆತ ‘ವಿಲಾಯತಿ ಶಿರೀಷ್’ ಎಂದ. ಅದನ್ನು ಜಪಾನಿಗೆ ತಂದು ಹೇಳಿದಾಗ ಅವರು ಮನಸಾರೆ ನಕ್ಕರು. ಅದು ಪ್ರಶ್ನೆಯಾಗಿರಲಿಲ್ಲ, ಹಾಡಾಗಿತ್ತು. ಹಿಟಾಚಿ ಕಂಪನಿಯ ಟಿವಿ ಜಾಹೀರಾತಿನ ಹಾಡು.

1973ರಲ್ಲಿ ಶುರುವಾದ ಜಾಹೀರಾತು ಅದು. ಸಾಹಿತ್ಯ ಇತೊ ಆಕಿರಾ ಅವರದು, ಸಂಗೀತ ಕೊಬಾಯಾಶಿ ಆಸೇ ಅವರದು. ತೆರೆಯ ಮೇಲೆ ಕಾಣುವ ಮರ ಜಪಾನಿನದಲ್ಲ, ಹವಾಯಿಯ ಓಆಹು ದ್ವೀಪದ ಮೊಆನಾಲುವಾ ತೋಟದ್ದು; ಜಾತಿ ಮಾತ್ರ ನಮ್ಮ ಚಾಕಣದ ಮರದ್ದೇ. 1986ರಲ್ಲಿ ಆರಂಭವಾಗಿ ದಶಕಗಳ ಕಾಲ ಶನಿವಾರ ರಾತ್ರಿ ಬರುತ್ತಿದ್ದ ‘ಸೆಕಾಯ್ ಫುಶಿಗಿ ಹಕ್ಕೆನ್’ ಕಾರ್ಯಕ್ರಮದ ನಡುವೆ ಆ ಹಾಡನ್ನು ಕೇಳದ ಮನೆ ಜಪಾನಿನಲ್ಲಿ ಕಡಿಮೆ. ನಮ್ಮ ಎಂಜಿನಿಯರ್ ಆ ಮರವನ್ನು ನೂರಾರು ಸಲ ನೋಡಿದ್ದರು. ಅದರ ಕೆಳಗೆ ನಿಂತದ್ದು ಅದೇ ಮೊದಲು.

ಆ ಆರು ವಾರಗಳಲ್ಲಿ ಅವರು ಗುನುಗಿದ ಒಂದೊಂದು ರಾಗವನ್ನೂ ರಾತ್ರಿ ಕೋಥರೂಡಿನ ಮನೆಯಲ್ಲಿ ಕುಳಿತು ಹುಡುಕಿದೆ. ಹಾಗೆ ಹತ್ತಿದ ಅಭ್ಯಾಸ ಬಿಟ್ಟಿಲ್ಲ. ಈಗ ಶನಿವಾರ ಸಂಜೆ ಎರಂಡವಣೆಯ ಒಂದು ಕೋಣೆಯಲ್ಲಿ ಎಂಟು ಹತ್ತು ಮಂದಿಗೆ ಜಪಾನಿ ಹೇಳಿಕೊಡುತ್ತೇನೆ. ಬೆಳಗಾವಿ, ವಿಜಯಪುರ, ಕುಂದಾಪುರ ಕಡೆಯಿಂದ ಪುಣೆಗೆ ಬಂದ ಹುಡುಗ ಹುಡುಗಿಯರೇ ಹೆಚ್ಚು. ಅವರೂ ಕೇಳುವುದು ಇದನ್ನೇ: “ಅಕ್ಕಾ, ಒಂದು ಜಾಹೀರಾತಿನಲ್ಲಿ ಒಂದು ಹಾಡು ಕೇಳಿದೆ, ಅದು ಯಾವುದು?” ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಪದ. ಜಪಾನಿನಲ್ಲಿ ಟಿವಿ ಜಾಹೀರಾತಿಗೆ ‘ಸಿಎಂ’ ಎನ್ನುತ್ತಾರೆ, ಉಚ್ಚಾರ ‘ಶೀಎಮು’. ಇಂಗ್ಲಿಷಿನ ಕಮರ್ಷಿಯಲ್ ಮೆಸೇಜ್ ಎಂಬುದರ ಮೊದಲಕ್ಷರಗಳು ಅವು. ಹುಡುಕಾಟದಲ್ಲಿ ಇಂಗ್ಲಿಷಿನ ‘ಆ್ಯಡ್’ ಎಂದು ಬರೆದರೆ ಏನೂ ಸಿಗುವುದಿಲ್ಲ. ಈ ಎರಡು ರೋಮನ್ ಅಕ್ಷರಗಳನ್ನೇ ಬರೆಯಬೇಕು.

ಇನ್ನು ಕೆಲಸಕ್ಕೆ ಬರೋಣ. ಹಾಡು ಹುಡುಕಬೇಕಾದಾಗ ಎಲ್ಲರೂ ಕಿವಿಯಿಂದ ಶುರು ಮಾಡುತ್ತಾರೆ. ಅದು ತಪ್ಪು ದಾರಿ. ಕಣ್ಣಿನಿಂದ ಶುರು ಮಾಡಿ. ಜಪಾನಿನ ಜಾಹೀರಾತುಗಳಲ್ಲಿ ಹೆಚ್ಚಿನವು ಹದಿನೈದು ಸೆಕೆಂಡಿನವು. ಹೆಸರುಳ್ಳ ಗಾಯಕರ ಹಾಡನ್ನು ಬಳಸಿದ್ದರೆ ತೆರೆಯ ಒಂದು ಮೂಲೆಯಲ್ಲಿ, ಸಾಮಾನ್ಯವಾಗಿ ಕೆಳಗೆ, ಒಂದು ಸಂಗೀತದ ಚಿಹ್ನೆ ಮೂಡುತ್ತದೆ: ಬಾಲಕ್ಕೆ ಬಾವುಟ ಕಟ್ಟಿದ ಕಪ್ಪು ಕಾಳಿನಂತಹ ಆ ಸ್ವರಚಿಹ್ನೆ. ಅದರ ಪಕ್ಕದಲ್ಲೇ ಹಾಡಿನ ಹೆಸರು, ಗಾಯಕರ ಹೆಸರು. ಎರಡು ಮೂರು ಸೆಕೆಂಡು ಇದ್ದು ಮಾಯವಾಗುತ್ತದೆ. ಅಕ್ಷರ ಇರುವೆಯಷ್ಟು ಸಣ್ಣದು, ಬಹಳ ಸಲ ಬಿಳಿ. ಹಿಂದೆ ಆಕಾಶವೋ ಹಾಲಿನ ಲೋಟವೋ ಇದ್ದರೆ ಕಾಣುವುದೇ ಇಲ್ಲ.

ಆದ್ದರಿಂದ ವಿಡಿಯೊದ ಗುಣಮಟ್ಟವನ್ನು ಸಾಧ್ಯವಾದಷ್ಟು ಹೆಚ್ಚಿಸಿಕೊಳ್ಳಿ. ವೇಗವನ್ನು ಕಾಲು ಭಾಗಕ್ಕೆ ಇಳಿಸಿ. ಚಿಹ್ನೆ ಕಂಡ ಕ್ಷಣ ನಿಲ್ಲಿಸಿ ಚಿತ್ರ ತೆಗೆದುಕೊಳ್ಳಿ. ಜಪಾನಿ ಓದಲು ಬರದವರು ಆ ಚಿತ್ರವನ್ನು ಮೊಬೈಲಿನ ಅನುವಾದದ ಕ್ಯಾಮೆರಾಕ್ಕೆ ತೋರಿಸಿದರೆ ಅದು ಅಕ್ಷರಗಳನ್ನು ಎತ್ತಿ ಕೊಡುತ್ತದೆ. ಅದು ಕೊಡುವ ಅರ್ಥವನ್ನು ನಂಬಬೇಡಿ, ಅಕ್ಷರಗಳನ್ನು ಮಾತ್ರ ತೆಗೆದುಕೊಳ್ಳಿ. ಹಾಡಿನ ಹೆಸರನ್ನು ಅನುವಾದಿಸಿ ಹುಡುಕಹೊರಟವರಿಗೆ ಹಾಡು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಹದಿನೈದು ಸೆಕೆಂಡಿನದರಲ್ಲಿ ಕಾಣದಿದ್ದರೆ ಅದೇ ಜಾಹೀರಾತಿನ ಮೂವತ್ತು ಸೆಕೆಂಡಿನ ರೂಪವನ್ನು ಹುಡುಕಿ. ಅಲ್ಲಿ ಓದಲು ಹೆಚ್ಚು ಸಮಯ ಸಿಗುತ್ತದೆ.

ಮೂಲೆಯಲ್ಲಿ ಏನೂ ಬರೆದಿಲ್ಲದಿದ್ದರೆ? ಆ ರಾಗವನ್ನು ಜಾಹೀರಾತಿಗೆಂದೇ ಹೊಸದಾಗಿ ಕಟ್ಟಿರಬಹುದು. ಇಲ್ಲವೇ ಬೇಕೆಂದೇ ಹೆಸರನ್ನು ಮುಚ್ಚಿಟ್ಟಿರಬಹುದು. 1983ರಲ್ಲಿ ಸನ್ಟೋರಿ ಕಂಪನಿಯ ಡಬ್ಬಿ ಬಿಯರ್ ಜಾಹೀರಾತಿನಲ್ಲಿ ವ್ಯಂಗ್ಯಚಿತ್ರದ ಪೆಂಗ್ವಿನ್ ಒಂದು ಹಾಡುತ್ತಿತ್ತು. ಕೇಳಿಸುತ್ತಿದ್ದದ್ದು ಇಂಗ್ಲಿಷ್ ಸಾಲುಗಳು. ಮೊದಮೊದಲು ಗಾಯಕಿಯ ಹೆಸರು ತೆರೆಯ ಮೇಲೆ ಇರಲಿಲ್ಲ. ಹಾಡುತ್ತಿರುವವರು ಯಾರೆಂದು ನೋಡುಗರು ವಿಚಾರಿಸಿದ್ದೇ ವಿಚಾರಿಸಿದ್ದು. ಅದು ಆಗಿನ ಅತಿ ದೊಡ್ಡ ತಾರೆ ಮಾತ್ಸುದಾ ಸೇಕೊ ಅವರ ದನಿ, ಹಾಡು ‘ಸ್ವೀಟ್ ಮೆಮೊರೀಸ್’. ಬೇರೊಂದು ಹಾಡಿನ ರೆಕಾರ್ಡಿನ ಹಿಂಬದಿಯಲ್ಲಿ ಬಂದಿದ್ದ ಅದಕ್ಕೆ ಆಮೇಲೆ ಮುಂಬದಿಯ ಸಮಾನ ಸ್ಥಾನ ಕೊಟ್ಟು ಮತ್ತೆ ಹೊರತಂದರು. ಈ ಹಾಡನ್ನು ತರಗತಿಯಲ್ಲಿ ನಾನೂ ಹೆಸರು ಹೇಳದೆಯೇ ಕೇಳಿಸುತ್ತೇನೆ. ಹೆಸರು ತಿಳಿಯದೆ ಕೇಳುವಾಗ ಮಕ್ಕಳು ಕಿವಿಗೊಡುವ ರೀತಿಯೇ ಬೇರೆ.

ಕಣ್ಣಿನ ಕೆಲಸ ಮುಗಿದ ಮೇಲೆ ಬೆರಳಿನ ಕೆಲಸ. ಮೊಬೈಲಿಗೆ ಜಪಾನಿ ಕೀಲಿಮಣೆಯನ್ನು ಸೇರಿಸಿಕೊಳ್ಳಿ, ರೋಮನ್ ಅಕ್ಷರದಲ್ಲಿ ಒತ್ತಿದರೆ ಜಪಾನಿ ಅಕ್ಷರವಾಗುವಂಥದ್ದು. ಕಂಪನಿಯ ಹೆಸರಿಗಿಂತ ವಸ್ತುವಿನ ಹೆಸರು ಮುಖ್ಯ; ಅದನ್ನೂ ಜಪಾನಿನವರು ನುಡಿಯುವಂತೆಯೇ ಬರೆಯಬೇಕು. ಪೊಕಾರಿ ಸ್ವೆಟ್ ಎಂಬ ಪಾನೀಯ ಅವರ ಬಾಯಲ್ಲಿ ‘ಪೊಕಾರಿ ಸುಎತ್ತೊ’. ಮ್ಯಾಕ್ಸೆಲ್ ಕ್ಯಾಸೆಟ್ ‘ಮಕುಸೆರು’. ಆ ಹೆಸರು, ಒಂದು ಜಾಗ, ಸಿಎಂ, ಇನ್ನೊಂದು ಜಾಗ, ಕೊನೆಗೆ ‘ಕ್ಯೊಕು’ ಎಂಬ ಕಾಂಜಿ, ಅಂದರೆ ಚೀನಾದಿಂದ ಜಪಾನಿಗೆ ಬಂದ ಅಕ್ಷರ. ಕ್ಯೊಕು ಎಂದರೆ ಹಾಡು, ರಾಗ. ಅಡ್ಡಗೆರೆ ಎಳೆದ ಪೆಟ್ಟಿಗೆಯೊಂದರ ಮೇಲ್ಭಾಗವನ್ನು ಸೀಳಿಕೊಂಡು ಎರಡು ಕೋಲುಗಳು ಹೊರಬಂದಂತೆ ಕಾಣುವ ಅಕ್ಷರ ಅದು. ಇಸವಿ ಗೊತ್ತಿದ್ದರೆ ಅದನ್ನೂ ಸೇರಿಸಿ. ಜಾಹೀರಾತಿನಲ್ಲಿ ನಟಿಸಿದವರು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಹೆಸರುಗಳಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬುದು ನೆನಪಿರಲಿ.

ಹುಡುಕಾಟದ ಫಲಿತಾಂಶದಲ್ಲಿ ನಾಲ್ಕು ಮಾತುಗಳು ಮತ್ತೆಮತ್ತೆ ಎದುರಾಗುತ್ತವೆ, ಅವನ್ನು ಗುರುತಿಸಲು ಕಲಿಯಿರಿ. ‘ತೈಆಪ್ಪು’ ಎಂದರೆ ಕಂಪನಿಯೂ ಗಾಯಕರೂ ಕೈಜೋಡಿಸಿದ್ದು. ‘ಇಮೇಜಿ ಸೊಂಗು’ ಎಂದರೆ ಒಂದು ಪ್ರಚಾರಕ್ಕೆ ಭಾವ ಕೊಡಲು ಆರಿಸಿದ ಹಾಡು. ‘ಕಾಕಿಒರೊಶಿ’ ಎಂದರೆ ಇದಕ್ಕಾಗಿಯೇ ಹೊಸದಾಗಿ ಬರೆದದ್ದು. ‘ಕಾಬಾ’ ಎಂದರೆ ಬೇರೆಯವರ ಹಾಡನ್ನು ಮರಳಿ ಹಾಡಿದ್ದು. ಕಂಪನಿಯ ಸ್ವಂತ ಪುಟದಲ್ಲಿ ಜಾಹೀರಾತುಗಳಿಗೆಂದೇ ಒಂದು ವಿಭಾಗವಿರುತ್ತದೆ. ಹೊಸ ಜಾಹೀರಾತು ಬಂದಾಗ ಪತ್ರಿಕಾ ಪ್ರಕಟಣೆಯನ್ನೂ ಹೊರಡಿಸುತ್ತಾರೆ, ಹಾಡಿನ ವಿವರ ಅದರಲ್ಲಿರುತ್ತದೆ. ಆದರೆ ನಟನಟಿಯರ ಒಪ್ಪಂದದ ಅವಧಿ ಮುಗಿದ ಮೇಲೆ ವಿಡಿಯೊವನ್ನು ಸಾಮಾನ್ಯವಾಗಿ ತೆಗೆದುಬಿಡುತ್ತಾರೆ. ‘ಆಮೇಲೆ ನೋಡೋಣ’ ಎಂದು ಬಿಟ್ಟರೆ ಆಮೇಲೆ ನೋಡಲು ಇರುವುದಿಲ್ಲ. ಕಂಡ ದಿನವೇ ಬರೆದಿಟ್ಟುಕೊಳ್ಳಿ.

ಹಾಡು ಸಿಕ್ಕಿತೆಂದುಕೊಳ್ಳೋಣ. ಇಲ್ಲೇ ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಸಲ ಸೋಲುವುದು. ಪೂರ್ತಿ ಹಾಡನ್ನು ಹಾಕುತ್ತಾರೆ, ಇಪ್ಪತ್ತು ಸೆಕೆಂಡು ಕೇಳುತ್ತಾರೆ, “ಇದಲ್ಲ ಅಕ್ಕಾ” ಎಂದು ಮುಚ್ಚಿಬಿಡುತ್ತಾರೆ. ಜಪಾನಿನ ಜನಪ್ರಿಯ ಹಾಡುಗಳು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ಏರುತ್ತವೆ: ಎ-ಮೆರೊ, ಬಿ-ಮೆರೊ, ಕೊನೆಗೆ ಸಾಬಿ. ಸಾಬಿ ಎಂದರೆ ಹಾಡಿನ ನೆತ್ತಿ, ಜನರ ಬಾಯಲ್ಲಿ ಉಳಿಯುವ ಭಾಗ. ನಮ್ಮ ಹಾಡುಗಳಲ್ಲಿ ಪಲ್ಲವಿ ಮೊದಲೇ ಬಂದುಬಿಡುತ್ತದೆ. ಅಲ್ಲಿ ಸಾಬಿಯನ್ನು ತಲುಪಲು ಒಂದು ನಿಮಿಷ ಬೇಕಾದೀತು. ಜಾಹೀರಾತಿನಲ್ಲಿ ಬಳಸುವುದು ಬಹುತೇಕ ಸಾಬಿಯನ್ನೇ. ಹಾಗಾಗಿ ಒಂದೂವರೆ ನಿಮಿಷ ಕೇಳದೆ ಯಾವ ಹಾಡನ್ನೂ ತಳ್ಳಿಹಾಕಬೇಡಿ. ಕಳೆದ ವರ್ಷ ಒಬ್ಬ ಹುಡುಗ ಝಾರ್ಡ್ ತಂಡದ ‘ಯುರೆರು ಒಮೊಯ್’ ಹಾಡನ್ನು ಹೀಗೆಯೇ ಮೂರು ಸಲ ಕೈಬಿಟ್ಟಿದ್ದ. 1993ರಲ್ಲಿ ಪೊಕಾರಿ ಸ್ವೆಟ್ ಜಾಹೀರಾತಿಗೆ ಬಳಸಿದ ಹಾಡು ಅದು. ಪೂರ್ತಿ ಕೇಳಿದ ದಿನ ಅವನು ರಾತ್ರಿ ಹನ್ನೊಂದಕ್ಕೆ ನನಗೆ ಫೋನು ಮಾಡಿ ಸಾಬಿಯನ್ನು ಹಾಡಿ ತೋರಿಸಿದ.

ಗುನುಗಿದರೆ ಹಾಡು ಹುಡುಕಿ ಕೊಡುವ ಸೌಲಭ್ಯಗಳು ಮೊಬೈಲಿನಲ್ಲಿವೆ. ಪ್ರಯತ್ನಿಸಿ, ತಪ್ಪಿಲ್ಲ. ಬಿಡುಗಡೆಯಾದ ಹಾಡಾದರೆ ಸಿಗಬಹುದು. ಜಾಹೀರಾತಿಗೆಂದೇ ಮಾಡಿದ ರಾಗ ಅವುಗಳ ಸಂಗ್ರಹದಲ್ಲಿ ಇಲ್ಲದಿರುವುದೇ ಹೆಚ್ಚು.

ಇಸವಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಾಡಿನ ಇಸವಿ ಬೇರೆ, ಜಾಹೀರಾತಿನ ಇಸವಿ ಬೇರೆ. ನಿಮ್ಮ ಪುಸ್ತಕದಲ್ಲಿ ಎರಡಕ್ಕೂ ಬೇರೆಬೇರೆ ಅಂಕಣ ಇರಲೇಬೇಕು. ಯಾಮಾಶಿತಾ ತಾತ್ಸುರೊ ಅವರ ‘ಕ್ರಿಸ್ಮಸ್ ಈವ್’ ಹೊರಬಂದದ್ದು 1983ರಲ್ಲಿ. ಮಧ್ಯ ಜಪಾನಿನ ರೈಲು ಕಂಪನಿ ಜೆಆರ್ ತೋಕಾಯ್ ಅದನ್ನು ತನ್ನ ಶಿಂಕಾನ್ಸೆನ್ ಬುಲೆಟ್ ರೈಲಿನ ಜಾಹೀರಾತಿಗೆ ಬಳಸಿದ್ದು 1988ರಲ್ಲಿ. ಮರುವರ್ಷ ನಟಿ ಮಾಕಿಸೆ ರಿಹೊ ಉಡುಗೊರೆಯನ್ನು ಎದೆಗವಚಿಕೊಂಡು ನಿಲ್ದಾಣದ ಜನಜಂಗುಳಿಯ ನಡುವೆ ಓಡುವ ಜಾಹೀರಾತು ಬಂತು, 1989ರ ಡಿಸೆಂಬರಿನಲ್ಲಿ ಆರು ವರ್ಷ ಹಳೆಯ ಆ ಹಾಡು ರೆಕಾರ್ಡು ಮಾರಾಟದ ಒರಿಕಾನ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಹಾಡಿನಲ್ಲಿರುವವನು ಬಾರದವಳಿಗಾಗಿ ಕಾಯುತ್ತಾನೆ. ಜಾಹೀರಾತಿನಲ್ಲಿ ಕಾದವರಿಗೆ ಬರಬೇಕಾದವರು ಸಿಗುತ್ತಾರೆ. ದುಃಖದ ಹಾಡನ್ನು ಸಂತೋಷದ ಚಿತ್ರಕ್ಕೆ ಇಟ್ಟದ್ದರಿಂದಲೇ ಅದು ಅಷ್ಟು ಆಳಕ್ಕೆ ಇಳಿದಿದೆ ಎಂಬುದು ನನ್ನ ನಂಬಿಕೆ. ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್‌ಗಾಗಿ ಪುಣೆ ನಿಲ್ದಾಣದಲ್ಲಿ ನಾನು ಎಷ್ಟೋ ಸಲ ನಿಂತಿದ್ದೇನೆ, ಮೊದಲು ಅಮ್ಮನಿಗಾಗಿ, ಈಗ ತಂಗಿಯ ಮಕ್ಕಳಿಗಾಗಿ. ಗಾಡಿ ಪ್ಲಾಟ್‌ಫಾರ್ಮಿಗೆ ನುಗ್ಗಿ ಬೋಗಿಯ ಬಾಗಿಲುಗಳು ಒಂದೊಂದಾಗಿ ಎದುರು ಸರಿದುಹೋಗುವಾಗ ಆ ಹಾಡು ತಾನಾಗಿ ತಲೆಯೊಳಗೆ ಶುರುವಾಗುತ್ತದೆ.

ಇಸವಿ ಗೊತ್ತಿಲ್ಲದಿದ್ದರೆ ಋತುವನ್ನು ಹಿಡಿಯಿರಿ. ಸೌಂದರ್ಯಸಾಧನಗಳ ಜಾಹೀರಾತುಗಳಿಗೆ ಇದು ಬಲು ಒಳ್ಳೆಯ ದಾರಿ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಶಿಸೇಡೊ ಮತ್ತು ಕಾನೆಬೊ ಕಂಪನಿಗಳು ಋತುವಿಗೊಂದು ಪ್ರಚಾರ, ಪ್ರಚಾರಕ್ಕೊಂದು ಹಾಡು ಎಂದು ಪೈಪೋಟಿಗೆ ಬಿದ್ದಿದ್ದವು. ತುಟಿಯ ಬಣ್ಣವಾದರೆ ವಸಂತ, ಬಿಸಿಲಿಗೆ ಕಂದಿದ ಮೈಬಣ್ಣವಾದರೆ ಬೇಸಿಗೆ ಎಂದು ಊಹಿಸಿ ಹುಡುಕಬಹುದು. 1978ರ ಬೇಸಿಗೆಗೆ ಶಿಸೇಡೊ ಆರಿಸಿದ್ದು ಯಾಜಾವಾ ಏಕಿಚಿ ಅವರ ‘ಜಿಕಾನ್ ಯೊ ತೊಮಾರೆ’. ಅದೇ ವರ್ಷದ ಶರತ್ಕಾಲಕ್ಕೆ ಹೊರಿಉಚಿ ತಾಕಾವೊ ಅವರ ‘ಕಿಮಿ ನೊ ಹಿತೊಮಿ ವಾ ಇಚಿಮಾನ್ ಬೊರುತೊ’. 1980ರ ವಸಂತಕ್ಕೆ ತಾಕೆಉಚಿ ಮಾರಿಯಾ ಅವರ ‘ಫುಶಿಗಿ ನಾ ಪೀಚಿ ಪೈ’. ಬಟ್ಟೆಯ ಕಂಪನಿಗಳೂ ಹಿಂದೆ ಬೀಳಲಿಲ್ಲ: 1979ರಲ್ಲಿ ವಾಕೋಲ್ ಒಳಉಡುಪಿನ ಜಾಹೀರಾತಿನ ಹಾಡಾದ ‘ಮಿಸೆರಾರೆತೆ’ಗೆ ಜೂಡಿ ಓಂಗ್ ಆ ವರ್ಷದ ಜಪಾನ್ ರೆಕಾರ್ಡ್ ಪ್ರಶಸ್ತಿಯನ್ನೇ ಪಡೆದರು.

ಗಮನಿಸಿ, ಇವುಗಳಲ್ಲಿ ಯಾವುದರ ಶೀರ್ಷಿಕೆಯಲ್ಲೂ ವಸ್ತುವಿನ ಹೆಸರಿಲ್ಲ. ನಮ್ಮಲ್ಲಿ ನಿರ್ಮಾ ಸಾಬೂನು ಪುಡಿಯ ಹಾಡು ಎಂದರೆ ‘ನಿರ್ಮಾ’ ಎಂಬ ಹೆಸರೇ ಹಾಡು. ಜಪಾನಿನಲ್ಲೂ ಅಂಥವು ಬೇಕಾದಷ್ಟಿವೆ. ಆದರೆ ಹೆಸರು ಹೇಳದೆ ಹಾಡುವ ದಾರಿ ಅಲ್ಲಿ ಮೊದಲಿನಿಂದಲೇ ಇತ್ತು. ಖಾಸಗಿ ರೇಡಿಯೊ ಪ್ರಸಾರ ಶುರುವಾದ 1951ರ ಸೆಪ್ಟೆಂಬರಿನಲ್ಲೇ ಬಂದ, ಜಪಾನಿನ ಮೊದಲ ಸಿಎಂ ಹಾಡೆಂದು ಎಣಿಸುವ ‘ಬೊಕು ವಾ ಅಮಾಚುವಾ ಕಾಮೆರಾಮಾನ್’ ಹಾಡನ್ನು ಬರೆದವರು ಮಿಕಿ ತೊರಿರೊ. ಹಣ ಕೊಟ್ಟದ್ದು ಕ್ಯಾಮೆರಾ ಫಿಲ್ಮಿನ ಕಂಪನಿ ಕೊನಿಶಿರೊಕು. ಹಾಡಿನಲ್ಲಿ ಆ ಕಂಪನಿಯ ಹೆಸರೂ ಇಲ್ಲ, ಫಿಲ್ಮಿನ ಹೆಸರೂ ಇಲ್ಲ. ಟಿವಿಯ ಖಾಸಗಿ ಪ್ರಸಾರ ಬಂದದ್ದು ಅದಾದ ಮೇಲೆ, 1953ರ ಆಗಸ್ಟ್ 28ರಂದು.

ಹೆಸರಿಲ್ಲದ ಹಾಡಿಗೆ ಇನ್ನೊಂದು ಅನುಕೂಲವಿದೆ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ ತನ್ನ ಕಾರ್ಯಕ್ರಮಗಳಲ್ಲಿ ವ್ಯಾಪಾರದ ಹೆಸರುಗಳನ್ನು ದೂರವಿಡುತ್ತದೆ. ಯಾಮಾಗುಚಿ ಮೊಮೊಯೆ ತಮ್ಮ 1978ರ ಒಂದು ಹಾಡಿನಲ್ಲಿದ್ದ ‘ಕೆಂಪು ಪೋರ್ಷೆ’ಯನ್ನು ಅಲ್ಲಿ ‘ಕೆಂಪು ಕಾರು’ ಎಂದು ಬದಲಿಸಿ ಹಾಡಬೇಕಾಯಿತು. ಅದೇ ವರ್ಷ ಅವರು ಹಾಡಿದ, ತಾನಿಮುರಾ ಶಿಂಜಿ ಬರೆದ ‘ಈ ಹಿ ತಾಬಿದಾಚಿ’ ಸರ್ಕಾರಿ ರೈಲ್ವೆಯ ಪ್ರವಾಸ ಪ್ರಚಾರದ ಹಾಡು. ಅರ್ಥ ‘ಒಳ್ಳೆಯ ದಿನ, ಪಯಣಕ್ಕೆ ಹೊರಟೆ’. ಶೀರ್ಷಿಕೆಯ ಕಾಂಜಿಗಳನ್ನು ಕಾಗದದ ಮೇಲೆ ಬರೆದು ನೋಡಿ: ದಿನ, ಪಯಣ, ನಿಲ್ಲು ಎಂಬ ಮೂರು ಅಕ್ಷರಗಳಿವೆ. ದಿನ ಮತ್ತು ನಿಲ್ಲು ಸೇರಿದರೆ ಹಿಟಾಚಿ. ದಿನ ಮತ್ತು ಪಯಣ ನಿಪ್ಪೋನ್ ರ್ಯೊಕೊ ಎಂಬ ಪ್ರವಾಸ ಸಂಸ್ಥೆಯ ಹೆಸರಿನ ಅಕ್ಷರಗಳು. ಎರಡೂ ಆ ಪ್ರಚಾರಕ್ಕೆ ನೆರವಾದ ಕಂಪನಿಗಳೇ. ಹಾಡುವಾಗ ಕೇಳಿಸುವುದಿಲ್ಲ, ಬರೆದಾಗ ಕಾಣುತ್ತದೆ. ಅದಕ್ಕೇ ಕಣ್ಣಿನಿಂದ ಶುರು ಮಾಡಿ ಎಂದದ್ದು.

ಮರುಗಾಯನದ ಬಲೆಯಲ್ಲಿ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಸನ್ಟೋರಿಯ ವಿಸ್ಕಿ ಜಾಹೀರಾತುಗಳಲ್ಲಿ ಬರುವ ‘ವಿಸುಕೀ ಗಾ ಒಸುಕಿ ದೆಶೊ’ ಹಾಡನ್ನು ಹಲವು ಗಾಯಕರು ಹಾಡಿದ್ದಾರೆ. ಹೈಬಾಲ್, ಅಂದರೆ ಸೋಡಾ ಬೆರೆಸಿದ ವಿಸ್ಕಿಯ ಜಾಹೀರಾತಿನಲ್ಲಿ ಕೇಳಿದ ದನಿಯನ್ನೇ ಮೂಲ ಗಾಯಕರ ದನಿಯೆಂದು ನಂಬಿ ತರಗತಿಯಲ್ಲಿ ಹೇಳಿಬಿಟ್ಟೆ. ಓಸಾಕಾದಿಂದ ಬಂದಿದ್ದ ಅತಿಥಿಯೊಬ್ಬರು ಪಾಠ ಮುಗಿದ ಮೇಲೆ ಬಹಳ ವಿನಯದಿಂದ, ಅದನ್ನು ಮೊದಲು ಹಾಡಿದವರು ಇಶಿಕಾವಾ ಸಾಯುರಿ ಎಂದರು. ಮುಂದಿನ ಶನಿವಾರ ಮೊದಲ ಐದು ನಿಮಿಷ ಅದನ್ನು ತಿದ್ದುವುದಕ್ಕೇ ಇಟ್ಟೆ. ಅಂದಿನಿಂದ ಅನುಮಾನ ಬಂದಾಗಲೆಲ್ಲ ಜಾಸ್ರಾಕ್ ಸಂಸ್ಥೆಯ ದಾಖಲೆಯನ್ನು ನೋಡುತ್ತೇನೆ. ಜಪಾನಿನ ಗೀತರಚನಕಾರರ, ಸಂಯೋಜಕರ ಹಕ್ಕುಗಳನ್ನು ನೋಡಿಕೊಳ್ಳುವ, 1939ರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ‘ಜೆ-ವಿಡ್’ ಎಂಬ ಹುಡುಕುಪಟ್ಟಿ ಎಲ್ಲರಿಗೂ ತೆರೆದಿದೆ. ಶೀರ್ಷಿಕೆ ಕೊಟ್ಟರೆ ಸಾಹಿತ್ಯ ಯಾರದು, ಸಂಗೀತ ಯಾರದು ಎಂಬುದು ಬರುತ್ತದೆ. ಈ ವಿಸ್ಕಿಯ ಹಾಡಿನ ಸಾಹಿತ್ಯ ತಾಗುಚಿ ಶುನ್, ಸಂಗೀತ ಸುಗಿ ಮಾಸಾಮಿಚಿ. ಒಂದೇ ಹೆಸರಿನ ಹಾಡುಗಳು ಹತ್ತಾರು ಇರುವುದುಂಟು, ಆದ್ದರಿಂದ ಶೀರ್ಷಿಕೆಯ ಜೊತೆಗೆ ಇನ್ನೊಂದು ಹೆಸರಾದರೂ ಕೈಯಲ್ಲಿರಲಿ.

ಪೂರ್ತಿ ಹಾಡೇ ಇಲ್ಲದಿರುವ ಸಾಧ್ಯತೆಯೂ ಇದೆ. ಎಯು ಮೊಬೈಲ್ ಕಂಪನಿಯ ಜಾಹೀರಾತು ಸರಣಿಯಲ್ಲಿ ಮೊಮೊತಾರೊ, ಉರಾಶಿಮಾ ತಾರೊ, ಕಿಂತಾರೊ ಎಂಬ ಮೂವರು ಜನಪದ ಕಥಾನಾಯಕರು ಗೆಳೆಯರಾಗಿ ಬರುತ್ತಾರೆ. 2015ರಲ್ಲಿ ಉರಾಶಿಮಾ ತಾರೊ ಪಾತ್ರದ ಕಿರಿತಾನಿ ಕೆಂತಾ ಸಮುದ್ರದಂಡೆಯಲ್ಲಿ ಸಾನ್‌ಶಿನ್ ನುಡಿಸುತ್ತ ‘ಉಮಿ ನೊ ಕೊಎ’, ಅಂದರೆ ‘ಕಡಲಿನ ದನಿ’ ಹಾಡಿದರು. ಸಾನ್‌ಶಿನ್ ಓಕಿನಾವಾದ ಮೂರು ತಂತಿಯ ವಾದ್ಯ, ಹಾವಿನ ಚರ್ಮದ ಹೊದಿಕೆಯದ್ದು. ಸಾಹಿತ್ಯ ಆ ಜಾಹೀರಾತನ್ನು ಕಲ್ಪಿಸಿದ ಶಿನೊಹಾರಾ ಮಾಕೊತೊ ಅವರದೇ, ಸಂಗೀತ ಬಿಗಿನ್ ತಂಡದ ಶಿಮಾಬುಕುರೊ ಮಾಸಾರು ಅವರದು. ಜನ ಕೇಳಿಕೇಳಿ ಅದು ಜಾಹೀರಾತಿನಿಂದ ಹೊರಬಂದು ಪೂರ್ತಿ ಹಾಡಾಗಿ ಬಿಡುಗಡೆಯಾಯಿತು. ಕುಂದಾಪುರದ ಕಡಲ ಸದ್ದು ಕೇಳುತ್ತ ಬೆಳೆದ ನನಗೆ ಇದು ಎಲ್ಲಕ್ಕಿಂತ ಹತ್ತಿರದ ಹಾಡು. ಎಲ್ಲ ರಾಗಗಳಿಗೂ ಈ ಭಾಗ್ಯವಿಲ್ಲ. ಓತಾಕಿ ಏಇಚಿ ಮಿತ್ಸುಯಾ ಸೈಡರ್ ಎಂಬ ಪಾನೀಯಕ್ಕೆ ‘ಸೈಡರ್ 73’ ಮಾಡಿದ್ದು 1973ರಲ್ಲಿ. ಅವರ ಜಾಹೀರಾತು ರಾಗಗಳನ್ನು ಒಂದೆಡೆ ಸೇರಿಸಿದ ‘ನಯಾಗರಾ ಸಿಎಂ ಸ್ಪೆಷಲ್’ 1977ರದು. ಹಳೆಯ ಸಣ್ಣ ರಾಗಗಳನ್ನು ಹುಡುಕುವಾಗ ಹಾಡಿನ ಬದಲು ಇಂಥ ಸಂಕಲನಗಳನ್ನು ಹುಡುಕಿ.

ಸಿಕ್ಕಿದ್ದನ್ನು ಬರೆದಿಡುವ ಪುಸ್ತಕ ಉದ್ದನೆಯದಿರಲಿ. ನಾನು ಬಳಸುವುದು ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಉಳಿದಿದ್ದ ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕ. ವಸ್ತು, ಋತು, ಜಾಹೀರಾತಿನ ಇಸವಿ, ಹಾಡಿನ ಇಸವಿ, ಗಾಯಕರು, ಬರೆದವರು, ಸಾಬಿಯ ಮೊದಲ ಎರಡು ಪದ. ಕೊನೆಯ ಅಂಕಣ ಕನ್ನಡಕ್ಕೆ. ಈ ಕೊನೆಯದನ್ನು ದಯವಿಟ್ಟು ಬಿಡಬೇಡಿ, ಕನ್ನಡಿಗರಾಗಿ ನಮಗಿರುವ ದೊಡ್ಡ ಅನುಕೂಲ ಅಲ್ಲಿದೆ. ‘ಜಿಕಾನ್ ಯೊ ತೊಮಾರೆ’ ಎಂದು ಬರೆಯಿರಿ, ಪ್ರತಿ ಪದದ ಕೆಳಗೆ ಕನ್ನಡ ಇಡಿ. ಜಿಕಾನ್ ಯೊ, ‘ಕಾಲವೇ’. ತೊಮಾರೆ, ‘ನಿಲ್ಲು’. ಅವರ ‘ಯೊ’ ನಮ್ಮ ಸಂಬೋಧನೆಯ ‘ಏ’ ಇದ್ದಲ್ಲೇ, ಪದದ ಹಿಂದೆ ಬಂದು ಕೂತಿದೆ. ಇನ್ನು ‘ಕಿಮಿ ನೊ ಹಿತೊಮಿ ವಾ ಇಚಿಮಾನ್ ಬೊರುತೊ’: ನಿನ್ನ ಕಣ್ಣು ಹತ್ತು ಸಾವಿರ ವೋಲ್ಟ್. ಒಂದು ಪದವನ್ನೂ ಅತ್ತಿತ್ತ ಸರಿಸಬೇಕಿಲ್ಲ. ‘ಆಗಿದೆ’ ಎಂಬ ಕ್ರಿಯಾಪದ ಅವರಿಗೂ ಬೇಕಿಲ್ಲ, ನಮಗೂ ಬೇಕಿಲ್ಲ. ಇಂಗ್ಲಿಷಿನ ಮೂಲಕ ಜಪಾನಿ ಕಲಿಯುವವರು ವಾಕ್ಯವನ್ನು ಹಿಂದುಮುಂದು ಮಾಡಿಕೊಂಡು ಒದ್ದಾಡುವುದನ್ನು ಕಂಡಿದ್ದೇನೆ. ವಿಜಯಪುರದ ನನ್ನ ವಿದ್ಯಾರ್ಥಿನಿ ಈ ಸಾಲನ್ನು ಬೋರ್ಡಿನ ಮೇಲೆ ಎರಡು ಲಿಪಿಗಳಲ್ಲಿ ಬರೆದು, ಒಂದರ ಕೆಳಗೊಂದು ನೇರವಾಗಿ ಗೆರೆ ಎಳೆದು, “ಒಂದು ಗೆರೆಯೂ ಇನ್ನೊಂದನ್ನು ದಾಟಲಿಲ್ಲ ಅಕ್ಕಾ” ಎಂದಳು.

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ ಜನರನ್ನು ಕೇಳಿ. ಪುಣೆಯಲ್ಲಿ ಜಪಾನಿನವರಿಗೆ ಕೊರತೆಯಿಲ್ಲ. ಚಾಕಣ, ತಳೆಗಾಂವ್, ರಂಜನ್‌ಗಾಂವ್ ಕಾರ್ಖಾನೆಗಳಿಗೆ ಬಂದುಹೋಗುವವರು ಸಾಕಷ್ಟು. ನೇರವಾಗಿ ಹಾಡಿನ ಹೆಸರು ಕೇಳಿದರೆ ಅವರಿಗೂ ನೆನಪಾಗುವುದಿಲ್ಲ. ವಸ್ತುವನ್ನು ಕೇಳಿ, ಯಾವ ತರಗತಿಯಲ್ಲಿದ್ದಾಗ ನೋಡಿದ್ದು ಎಂದು ಕೇಳಿ, ಹಾಡು ಹಿಂದೆಯೇ ಬರುತ್ತದೆ. ‘ಕೊದೊಮೊ ನೊ ಕೊರೊ ನೊ ಸಿಎಂ ದೆ, ಇಮಾ ಮೊ ಉತಾಎರು ನೊ ವಾ ಅರಿಮಾಸು ಕಾ?’ ಎಂದರೆ ‘ಬಾಲ್ಯದ ಜಾಹೀರಾತುಗಳಲ್ಲಿ ಈಗಲೂ ಹಾಡಲು ಬರುವಂಥದ್ದು ಇದೆಯೇ?’ ಕೇಳಿದ ಮೇಲೆ ಸುಮ್ಮನಿರಿ. ಮೊಬೈಲು ಜೇಬಿನಲ್ಲೇ ಇರಲಿ. ಮುಖಕ್ಕೆ ಹಿಡಿದರೆ ಅವರು ನಾಚಿ ನಿಲ್ಲಿಸುತ್ತಾರೆ.

ಆ ಎಂಜಿನಿಯರ್ ಊರಿಗೆ ಮರಳುವ ಹಿಂದಿನ ಭಾನುವಾರ ಅವರನ್ನು ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಕರೆದೊಯ್ದಿದ್ದೆ. ಓಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಕಟ್ಟಿದ ತೋಟ ಅದು. ಸೇತುವೆಯ ಮೇಲೆ ನಿಂತು ಮೀನು ನೋಡುತ್ತ ಈ ಪ್ರಶ್ನೆ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಒಂದಾದ ಮೇಲೊಂದರಂತೆ ಹನ್ನೊಂದು ಹಾಡಿದರು. ಚಾಕೊಲೇಟ್, ಔಷಧ, ಸೋಯಾ ಸಾರು, ಗಡಿಯಾರ. ನಾನು ಕೈಚೀಲದಲ್ಲಿದ್ದ ಹಾಲಿನ ಬಿಲ್ಲಿನ ಹಿಂ‌ಬದಿಯಲ್ಲಿ ವಸ್ತುವಿನ ಹೆಸರನ್ನಷ್ಟೇ ಗೀಚಿಕೊಂಡೆ. ಆ ರಾತ್ರಿ ಊಟಕ್ಕೂ ಏಳದೆ ಒಂದೊಂದನ್ನೇ ಹುಡುಕಿದೆ. ಒಂಬತ್ತು ಸಿಕ್ಕವು. ಹತ್ತನೆಯದು ಮರುದಿನ ಕಂಪನಿಯ ಬಸ್ಸು ನಾಶಿಕ್ ಫಾಟಾ ದಾಟುವಾಗ ಸಿಕ್ಕಿತು. ಹನ್ನೊಂದನೆಯದಕ್ಕೆ ಅವರೇ ಊರಿಗೆ ಹೋಗಿ, ತಮ್ಮ ಅಕ್ಕನನ್ನು ಕೇಳಿ, ಹೆಸರನ್ನು ಬರೆದು ಕಳಿಸಿದರು.